ಮೂವತ್ತೊಂದನೆಯ ಮಗು

ಒಂದು ಕೊಠಡಿಯಲ್ಲಿ 30 ಮಕ್ಕಳಿಗೆ ಜಾಗವಿದೆ. ಬಾಗಿಲಲ್ಲಿ ನೂರರ ಹತ್ತಿರ ಮಕ್ಕಳು ಅಪ್ಪ-ಅಮ್ಮಂದಿರ ಕೈ ಹಿಡಿದು ನಿಂತಿದ್ದಾರೆ. ಯಾರನ್ನು ಒಳಗೆ ಕರೆದುಕೊಳ್ಳಬೇಕು ಎಂದು ತಿಳಿಸಲು ಇಲಾಖೆಯ ಸುತ್ತೋಲೆ ಬರುತ್ತದೆ. ಯಾರನ್ನು ಹೊರಗೆ ನಿಲ್ಲಿಸುವುದು ಧರ್ಮ ಎಂದು ಯಾವ ಸುತ್ತೋಲೆಯೂ ಹೇಳುವುದಿಲ್ಲ. ಆನೇಕಲ್ ತಾಲ್ಲೂಕಿನ ಒಂದು ಸರ್ಕಾರಿ ಶಾಲೆಯಲ್ಲಿ ಮುಖ್ಯ ಶಿಕ್ಷಕಿಯಾಗಿದ್ದು ನಿವೃತ್ತಳಾದವಳು ನಾನು. ಬೀಗದ ಕೈ, ಹಾಜರಿ ಪುಸ್ತಕ, ದಾಖಲಾತಿ ವಹಿ ಎಲ್ಲವನ್ನೂ ಚಾರ್ಜ್ ಕೊಟ್ಟು ಬಂದೆ. ಈ ಪ್ರಶ್ನೆಯನ್ನು ಮಾತ್ರ ಯಾರಿಗೂ ಒಪ್ಪಿಸಲು ಆಗಲಿಲ್ಲ.

ನಾನು ಅಲ್ಲಿಗೆ ವರ್ಗವಾಗಿ ಹೋದಾಗ ಶಾಲೆಯ ಹಿಂದೆ ರಾಗಿ ಹೊಲವಿತ್ತು, ಮುಂದೆ ನೀಲಗಿರಿ ತೋಪು. ಕೆಲವೇ ವರ್ಷಗಳಲ್ಲಿ ತೋಪಿನ ಜಾಗದಲ್ಲಿ ಹದಿನಾಲ್ಕು ಅಂತಸ್ತಿನ ಕಟ್ಟಡಗಳೆದ್ದವು. ಅವುಗಳನ್ನು ಕಟ್ಟಲು ಬಂದವರ ತಗಡಿನ ಶೆಡ್‌ಗಳು ಹೊಲದ ಅಂಚಿಗೆ ಸಾಲಾಗಿ ನಿಂತವು. ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ 2001ರ ಜನಗಣತಿಯಲ್ಲಿ 65 ಲಕ್ಷವಿತ್ತು, 2011ರಲ್ಲಿ 96 ಲಕ್ಷವಾಯಿತು. 2021ರಲ್ಲಿ ನಡೆಯಬೇಕಿದ್ದ ಎಣಿಕೆ ಆ ವರ್ಷ ನಡೆಯಲಿಲ್ಲ. ಹೀಗಾಗಿ ಒಂದು ಊರಿಗೆ ಎಷ್ಟು ಕೊಠಡಿ, ಎಷ್ಟು ಶಿಕ್ಷಕರು ಬೇಕು ಎಂದು ಲೆಕ್ಕ ಹಾಕುವವರ ಕೈಯಲ್ಲಿ ಹಳೆಯ ಅಂಕಿಗಳೇ ಉಳಿದವು. ಶಾಲೆಯ ಬಾಗಿಲಿಗೆ ಬರುತ್ತಿದ್ದವರು ಹೊಸ ಮಕ್ಕಳು: ಯಾದಗಿರಿ, ರಾಯಚೂರು, ಕಲಬುರಗಿಯವರು, ಅನಂತಪುರದವರು, ಒಡಿಶಾ, ಬಿಹಾರದವರು. ಊರಿನ ಮಕ್ಕಳು ಆಗ ಹಳದಿ ವ್ಯಾನು ಹತ್ತಿ ಖಾಸಗಿ ಶಾಲೆಗೆ ಹೋಗುತ್ತಿದ್ದರು.

ಮುಂದೆ ನಮ್ಮದು ಕರ್ನಾಟಕ ಪಬ್ಲಿಕ್ ಶಾಲೆಯಾಯಿತು. 2019ರಲ್ಲಿ ಎಲ್‌ಕೆಜಿ ಶುರುವಾಯಿತು. ಇಲ್ಲಿ ಎಲ್‌ಕೆಜಿಗೆ ಸೇರಿದ ಮಗು ಪಿಯುಸಿವರೆಗೆ ಅದೇ ಆವರಣದಲ್ಲಿ ಓದಬಹುದು, ಡೊನೇಷನ್ ಇಲ್ಲ. ಇದು ಗೊತ್ತಾಗುತ್ತಿದ್ದಂತೆ ಹಳದಿ ವ್ಯಾನಿನ ಮಕ್ಕಳ ತಮ್ಮಂದಿರು, ತಂಗಿಯರು ನಮ್ಮ ಕಡೆ ತಿರುಗಿದರು. ನನಗೆ ಆದ ಸಂತೋಷ ಹೇಳತೀರದು. ಸರ್ಕಾರಿ ಶಾಲೆಗೆ ಮಕ್ಕಳಿಲ್ಲ ಎಂಬ ಮಾತು ಕೇಳಿಕೊಂಡೇ ನೌಕರಿ ಮಾಡಿದವಳಿಗೆ ಜಾಗವಿಲ್ಲ ಎಂದು ಹೇಳಬೇಕಾದ ಕಾಲವೂ ಬಂತಲ್ಲ! ಆದರೆ ಎಲ್‌ಕೆಜಿಗೆ ಇದ್ದ ಮಿತಿ 30. ಶಿಕ್ಷಣ ಹಕ್ಕು ಕಾಯ್ದೆ ಆರರಿಂದ ಹದಿನಾಲ್ಕು ವರ್ಷದವರಿಗೆ ಮಾತ್ರ ಅನ್ವಯಿಸುವುದರಿಂದ ಒಂದನೆಯ ತರಗತಿಗೆ ಬಂದ ಮಗುವನ್ನು ನಾವು ವಾಪಸು ಕಳಿಸುವಂತಿರಲಿಲ್ಲ. ನಾಲ್ಕು ವರ್ಷದ ಮಗುವನ್ನು ಕಳಿಸಬಹುದಿತ್ತು.

ಹಾಗಾದರೆ ಯಾರನ್ನು ಕಳಿಸುವುದು? ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಈ ಮಾತು ಮಧ್ಯಾಹ್ನದಿಂದ ದೀಪ ಹಚ್ಚುವ ಹೊತ್ತಿನವರೆಗೂ ನಡೆಯಿತು. ಸಣ್ಣದೊಂದು ಪರೀಕ್ಷೆ ಇಡೋಣ ಎಂದರು ಒಬ್ಬರು. ನಾಲ್ಕು ವರ್ಷದ ಕೂಸಿನ ಯೋಗ್ಯತೆ ಅಳೆಯುವುದೆಂದರೆ ಅದರ ಮನೆಯಲ್ಲಿ ಎಷ್ಟು ಪುಸ್ತಕ ಇವೆ ಎಂದು ಅಳೆದಂತೆ. ಆ ಮಾತು ಅಲ್ಲಿಗೇ ನಿಂತಿತು. ಮೊದಲು ಬಂದವರಿಗೆ ಮೊದಲು ಎಂದರು ಇನ್ನೊಬ್ಬರು. ಕೇಳಲು ನ್ಯಾಯವಾಗಿಯೇ ಇದೆ. ಆದರೆ ರಾತ್ರಿಯಿಂದ ಗೇಟಿನ ಮುಂದೆ ಕೂರಬಲ್ಲವರು ಯಾರು? ಮರುದಿನ ಕೂಲಿ ತಪ್ಪಿದರೆ ಒಲೆ ಹೊತ್ತದ ಮನೆಯವರಂತೂ ಅಲ್ಲ.

ನನ್ನನ್ನು ನಿಜವಾಗಿ ಕಾಡಿದ್ದು ಮೂರನೆಯ ಮಾತು. ಊರಿನ ಹಿರಿಯರೊಬ್ಬರು ಎದ್ದು ನಿಂತರು. "ಈ ಶಾಲೆ ಇರೋ ಜಾಗ ನಮ್ಮ ತಾತ ಬಿಟ್ಟುಕೊಟ್ಟಿದ್ದು ಮೇಡಂ. ನಮ್ಮ ಮೊಮ್ಮಕ್ಕಳಿಗೆ ಇಲ್ಲಿ ಸೀಟಿಲ್ಲ ಅಂದ್ರೆ ನಾವು ಯಾರ ಹತ್ರ ಹೇಳ್ಕೊಳೋದು?" ಎಂದರು. ಅವರ ಧ್ವನಿಯಲ್ಲಿ ದರ್ಪವಿರಲಿಲ್ಲ, ನೋವಿತ್ತು. ಹೊಲ ಹೋಗಿತ್ತು, ಕೆರೆಗೆ ಅಪಾರ್ಟ್‌ಮೆಂಟಿನ ಕೊಳಚೆ ಬರುತ್ತಿತ್ತು, ಊರಹಬ್ಬಕ್ಕೆ ಬರುವ ಮುಖಗಳಲ್ಲಿ ಅರ್ಧ ಅಪರಿಚಿತ. ಊರಿನದು ಎಂದು ಹೇಳಿಕೊಳ್ಳಲು ಉಳಿದಿದ್ದದ್ದು ಗುಡಿ ಮತ್ತು ಶಾಲೆ. ಅವೂ ಕೈತಪ್ಪುತ್ತವೆಯೇ ಎಂಬ ಭಯ ಅವರದು. ನೆಲದ ಜೊತೆ ತಲೆಮಾರುಗಳಿಂದ ಬಾಳಿದವರಿಗೆ ಆ ನೆಲದ ಮೇಲೆ ಒಂದು ಹಕ್ಕಿದೆ ಎಂಬುದನ್ನು ನಾನು ತಳ್ಳಿಹಾಕುವುದಿಲ್ಲ. ನಾನೂ ಹಳ್ಳಿಯಿಂದ ಬಂದವಳು.

ಆದರೂ ಅವರ ಮಾತಿಗೆ ಉತ್ತರ ಅವರ ಮಾತಿನಲ್ಲೇ ಇತ್ತು. ತಾತ ಜಾಗವನ್ನು ಮಾರಿರಲಿಲ್ಲ, ದಾನ ಮಾಡಿದ್ದರು. ನಮ್ಮ ನಾಡಿನ ತುಂಬ ಬಿದ್ದಿರುವ ದಾನಶಾಸನಗಳ ಕೊನೆಯಲ್ಲಿ ಒಂದು ಶಾಪ ಇರುತ್ತದೆ. ಕೊಟ್ಟದ್ದನ್ನು ಕಿತ್ತುಕೊಂಡವನಿಗೆ ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪ ತಟ್ಟುತ್ತದೆ ಎಂದು. ಆ ಶಾಪ ಪರರಿಗಷ್ಟೇ ಅಲ್ಲ, ತಾನು ಕೊಟ್ಟದ್ದನ್ನೇ ಹಿಂದಕ್ಕೆ ಪಡೆಯುವವನಿಗೂ ಸಲ್ಲುತ್ತದೆ. ಸೂರ್ಯಚಂದ್ರರಿರುವವರೆಗೆ ಎಂದು ಕೊಟ್ಟಮೇಲೆ ಅದರ ಫಲ ಉಣ್ಣುವವರು ಯಾರು ಎಂದು ಕೊಟ್ಟವನು ಕೇಳಬಾರದು. ಕೇಳಿದರೆ ಅದು ಕರಾರಾಗುತ್ತದೆ. ಇದನ್ನೇ ನಾನು ಅವರಿಗೆ ಹೇಳಿದೆ. "ಯಜಮಾನ್ರೇ, ನಿಮ್ಮ ತಾತ ನಿಮ್ಮ ಮನೆ ಮಕ್ಕಳಿಗೆ ಅಂತ ಕೊಟ್ಟಿದ್ರೆ ಇಲ್ಲಿ ಶಾಲೆ ಇರ್ತಿರಲಿಲ್ಲ, ಮನೆ ಇರ್ತಿತ್ತು" ಎಂದೆ. ಅವರು ಬಹಳ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಚೀಟಿ ಹಾಕಿ. ದೇವರು ಕೊಟ್ಟವರಿಗೆ" ಎಂದರು.

ಚೀಟಿ ಎತ್ತುವುದು ನಮ್ಮಲ್ಲಿ ಹೊಸದಲ್ಲ. ದೇವರ ಬಲಗಡೆ ಹೂ ಬಿದ್ದರೆ ಮದುವೆ ಮಾತುಕತೆ ಮುಂದುವರಿಸುವ ಊರುಗಳು ನಮ್ಮವು. ಮನುಷ್ಯರ ಪಕ್ಷಪಾತದ ಮೇಲೆ ನಂಬಿಕೆ ಹೋದಾಗ ತೀರ್ಪನ್ನು ದೇವರ ಕೈಗೆ ಒಪ್ಪಿಸುತ್ತೇವೆ. ಬೈಬಲಿನಲ್ಲೂ ಯೂದನ ಜಾಗಕ್ಕೆ ಹೊಸ ಅಪೊಸ್ತಲನನ್ನು ಆರಿಸುವಾಗ ಶಿಷ್ಯರು ಪ್ರಾರ್ಥನೆ ಮಾಡಿ ಚೀಟಿ ಹಾಕಿದ ಪ್ರಸಂಗವಿದೆ. ತಮಿಳುನಾಡಿನ ಉತ್ತರಮೇರೂರಿನ ಗುಡಿಯ ಗೋಡೆಯ ಮೇಲೆ ಹತ್ತನೆಯ ಶತಮಾನದ ಚೋಳರ ಶಾಸನವಿದೆ. ಊರಿನ ಸಮಿತಿಗಳಿಗೆ ಸದಸ್ಯರನ್ನು ಆರಿಸಲು ಓಲೆಯ ಮೇಲೆ ಹೆಸರು ಬರೆದು ಮಡಕೆಗೆ ಹಾಕಿ, ಒಬ್ಬ ಚಿಕ್ಕ ಹುಡುಗನ ಕೈಯಿಂದ ತೆಗೆಸಬೇಕೆಂಬ ವಿಧಿಯನ್ನು ಅಲ್ಲಿ ಕೆತ್ತಿದ್ದಾರೆ. ನಾವೂ ಹಾಗೆಯೇ ಒಂದನೆಯ ತರಗತಿಯ ಹುಡುಗಿಯೊಬ್ಬಳನ್ನು ಕರೆದು ಸ್ಟೀಲ್ ಡಬ್ಬದಿಂದ ಚೀಟಿ ತೆಗೆಸಿದೆವು.

ಅದೇ ಶಾಸನದಲ್ಲಿ ಇನ್ನೊಂದು ಮಾತಿದೆ, ಅದನ್ನು ಹೊಗಳುವವರು ಸಾಮಾನ್ಯವಾಗಿ ಹೇಳದೆ ಬಿಡುತ್ತಾರೆ. ಯಾರ ಹೆಸರು ಮಡಕೆಗೆ ಬೀಳಬಹುದು ಎಂದೂ ಅಲ್ಲಿ ಬರೆದಿದೆ. ತೆರಿಗೆ ಕಟ್ಟುವ ಇಷ್ಟು ಭೂಮಿ ಇರಬೇಕು, ಸ್ವಂತ ನಿವೇಶನದಲ್ಲಿ ಕಟ್ಟಿದ ಮನೆಯಲ್ಲಿ ವಾಸವಿರಬೇಕು, ವೇದ ತಿಳಿದಿರಬೇಕು. ಹುಡುಗನ ಕೈ ನಿಷ್ಪಕ್ಷಪಾತಿಯೇ. ಮಡಕೆಯಲ್ಲಿ ಭೂಮಿ ಇಲ್ಲದವನ ಹೆಸರು ಮಾತ್ರ ಇರಲಿಲ್ಲ. ಚೀಟಿ ಎತ್ತುವ ಕ್ಷಣದಲ್ಲಿ ಕಾಣುವ ನ್ಯಾಯದ ಹಿಂದೆ, ಡಬ್ಬ ತುಂಬುವಾಗಲೇ ನಡೆದುಹೋದ ಇನ್ನೊಂದು ತೀರ್ಪಿರುತ್ತದೆ. ನಮ್ಮ ಸಭೆಯಲ್ಲೂ ಅದೇ ಆಗುವುದಿತ್ತು. ಅರ್ಜಿಯ ಜೊತೆ ಈ ಊರಿನ ವಿಳಾಸವಿರುವ ಆಧಾರ್ ಅಥವಾ ಬಾಡಿಗೆ ಕರಾರು ಕೇಳಬೇಕೆಂದು ಕೆಲವರು ಪಟ್ಟು ಹಿಡಿದರು. ಶೆಡ್ಡಿನವರಿಗೆ ಬಾಡಿಗೆ ಕರಾರು ಎಲ್ಲಿಂದ ಬರಬೇಕು? ಅವರ ಆಧಾರಿನಲ್ಲಿ ಇರುವುದು ಸುರಪುರದ ಕಡೆಯ ಯಾವುದೋ ಹಳ್ಳಿಯ ಹೆಸರು. ಆ ಹಳ್ಳಿಯ ಶಾಲೆಯಲ್ಲಿ ಈ ಮಗುವಿಗೆ ಜಾಗವಿದೆ, ಆದರೆ ಅಲ್ಲಿ ಅದರ ಅಪ್ಪ-ಅಮ್ಮನಿಗೆ ಕೂಲಿ ಇಲ್ಲ.

ಹನ್ನೆರಡನೆಯ ಶತಮಾನದ ಶರಣರು ಹುಟ್ಟನ್ನು ಹಕ್ಕಿನ ಆಧಾರವಾಗಿ ಒಪ್ಪಲಿಲ್ಲ. ಯಾರ ಮಗ ಎಂದು ಕೇಳುವ ಅಭ್ಯಾಸವನ್ನೇ ಬಿಡಿಸಲು ನೋಡಿದರು. ನಿಂತ ಗುಡಿಗಿಂತ ನಡೆದಾಡುವ ಜೀವಕ್ಕೆ ಮೊದಲು ಮಣೆ ಹಾಕಿದರು. ಈಗ ನಮ್ಮ ಕಚೇರಿಗಳಲ್ಲಿ ಯಾರ ಮಗ ಎಂದು ಕೇಳುವುದಿಲ್ಲ, ಯಾವ ವಾರ್ಡು ಎಂದು ಕೇಳುತ್ತೇವೆ. ಮಗು ತನ್ನ ಜಾತಿಯನ್ನು ಆರಿಸಿಕೊಳ್ಳದ ಹಾಗೆಯೇ ತನ್ನ ಪಿನ್ ಕೋಡನ್ನೂ ಆರಿಸಿಕೊಂಡಿರುವುದಿಲ್ಲ. ಎರಡೂ ಅದಕ್ಕೆ ಹುಟ್ಟಿನ ಜೊತೆ ಅಂಟಿ ಬಂದವು. ಒಂದನ್ನು ಅಧರ್ಮ ಎಂದು ಬಲ್ಲ ನಾವು ಇನ್ನೊಂದನ್ನು ನಿಯಮ ಎಂದು ಕರೆದು ನೆಮ್ಮದಿಯಾಗಿರುವುದು ನನಗೆ ಸರಿ ಕಾಣುವುದಿಲ್ಲ. ಮಗು ಇವತ್ತು ರಾತ್ರಿ ಎಲ್ಲಿ ಮಲಗುತ್ತದೋ ಅದೇ ಅದರ ವಿಳಾಸ ಎಂದು ನಾನು ಸಭೆಯಲ್ಲಿ ಹೇಳಿದೆ. ಸಮಿತಿಯ ತಾಯಂದಿರು ನನ್ನ ಪರ ನಿಂತರು. ಶೆಡ್ಡಿನ ಮಕ್ಕಳ ಹೆಸರೂ ಡಬ್ಬಕ್ಕೆ ಬಿದ್ದವು.

ಚೀಟಿ ಎತ್ತಿದ ದಿನ ಯಾದಗಿರಿ ಕಡೆಯ ತಾಯಿಯೊಬ್ಬಳು ಕೊನೆಯವರೆಗೂ ಕಂಬಕ್ಕೆ ಒರಗಿ ನಿಂತಿದ್ದಳು. ಮಗಳ ಹೆಸರು ಬರಲಿಲ್ಲ. ನಾನು ಹತ್ತಿರ ಹೋದಾಗ ಅವಳೇ ನನ್ನನ್ನು ಸಮಾಧಾನ ಮಾಡುವವಳಂತೆ, "ಇರಲಿ ಬಿಡ್ರಿ ಮೇಡಂ, ನನ್ನ ಮಗಳ ಹಣ್ಯಾಗ ಬರದಿಲ್ಲ" ಎಂದಳು. ಆ ಹುಡುಗಿ ಮರುದಿನದಿಂದ ಮತ್ತೆ ಜಲ್ಲಿ ರಾಶಿಯ ಪಕ್ಕ ಆಡುತ್ತಾ ದಿನ ಕಳೆಯಬೇಕಿತ್ತು. ಅಂಗನವಾಡಿ ಇದ್ದದ್ದು ಹೆದ್ದಾರಿಯ ಆಚೆ.

ಕರ್ಮದ ಮಾತನ್ನು ನಾನು ಹಗುರವಾಗಿ ಕಾಣುವವಳಲ್ಲ. ನನ್ನ ತಾಯಿ ಎರಡು ಮಕ್ಕಳನ್ನು ಮಣ್ಣು ಮಾಡಿ, ಹಣೆಬರಹ ಎಂಬ ಒಂದೇ ಮಾತನ್ನು ಹಿಡಿದು ಬದುಕಿದಳು. ಆ ಮಾತಿಲ್ಲದಿದ್ದರೆ ಅವಳು ಎದ್ದು ನಿಲ್ಲುತ್ತಿರಲಿಲ್ಲ. ತನಗೆ ಬಂದ ಕಷ್ಟವನ್ನು ತನ್ನ ಕರ್ಮ ಎಂದು ಒಪ್ಪಿ ಮುಂದಿನ ಹೆಜ್ಜೆ ಇಡುವವರ ಬಲ ದೊಡ್ಡದು. ಆದರೆ ಆ ಮಾತಿಗೆ ಒಂದು ಮೇರೆ ಇದೆ. ಅದನ್ನು ಆಡುವ ಅಧಿಕಾರ ಕಷ್ಟಪಡುವವರಿಗೆ ಮಾತ್ರ. ಆ ತಾಯಿ ಆಡಿದರೆ ಸಮಾಧಾನ. ಮುಖ್ಯ ಶಿಕ್ಷಕಿಯ ಕುರ್ಚಿಯಲ್ಲಿ ಕೂತು ಅದೇ ಮಾತನ್ನು ನಾನು ಅವಳಿಗೆ ಆಡಿದ್ದರೆ ಪಾಪ. ಇನ್ನೊಬ್ಬರ ನೋವನ್ನು ಅವರ ಹಿಂದಿನ ಜನ್ಮಕ್ಕೆ ಜಮಾ ಮಾಡಿ ನಮ್ಮ ದಾರಿ ನಾವು ಹಿಡಿಯಬಹುದು ಎಂದು ಕರ್ಮಸಿದ್ಧಾಂತ ಹೇಳುವುದಾದರೆ ದಯೆಗೆ ಈ ಲೋಕದಲ್ಲಿ ಕೆಲಸವೇ ಇರುವುದಿಲ್ಲ. ನಮ್ಮ ಕಣ್ಣೆದುರಿನ ಕಷ್ಟ ಅವರ ಕರ್ಮವೋ ಏನೋ, ಅದನ್ನು ಕಂಡಮೇಲೆ ನಾವು ಮಾಡುವುದು ಮಾತ್ರ ನಮ್ಮ ಕರ್ಮ. ಆ ಹುಡುಗಿಯ ಹಣೆಯ ಮೇಲೆ ಬರೆದವರು ಯಾರೇ ಇರಲಿ, 30 ಎಂಬ ಅಂಕಿಯನ್ನು ಬರೆದವರು ಮನುಷ್ಯರು.

ಮನುಷ್ಯರು ಬರೆದದ್ದು ಎಷ್ಟು ಸಲೀಸಾಗಿ ಬದಲಾಗುತ್ತದೆ ಎಂಬುದನ್ನು ಅದೇ ವರ್ಷ ಕಂಡೆವು. 2009ರ ಶಿಕ್ಷಣ ಹಕ್ಕು ಕಾಯ್ದೆ ಖಾಸಗಿ ಶಾಲೆಗಳ ಒಂದನೆಯ ತರಗತಿಯಲ್ಲಿ ಕನಿಷ್ಠ ಶೇ. 25 ಸೀಟುಗಳನ್ನು ನೆರೆಹೊರೆಯ ಬಡ ಮತ್ತು ಹಿಂದುಳಿದ ಕುಟುಂಬಗಳ ಮಕ್ಕಳಿಗೆ ಕೊಡಬೇಕು ಎಂದಿತು. ಬೆಂಗಳೂರಿನಂಥ ಕಡೆ ನೆರೆಹೊರೆ ಎಂದರೆ ವಾರ್ಡು, ಹಳ್ಳಿಗಳಲ್ಲಿ ಕಂದಾಯ ಗ್ರಾಮ. ಅಲ್ಲೂ ಲಾಟರಿ. ರಸ್ತೆಯ ಈ ಬದಿಯ ಮನೆ ಒಂದು ವಾರ್ಡಿಗೆ, ಆ ಬದಿಯ ಮನೆ ಇನ್ನೊಂದಕ್ಕೆ ಸೇರಿ, ಎದುರು ಬದುರು ಕುಂಟೆಬಿಲ್ಲೆ ಆಡುವ ಮಕ್ಕಳಲ್ಲಿ ಒಂದಕ್ಕೆ ಅವಕಾಶ, ಇನ್ನೊಂದಕ್ಕೆ ಇಲ್ಲ. ವಾರ್ಡಿನೊಳಗೊಂದು ಬಾಡಿಗೆ ಚೀಟಿ ಹುಟ್ಟಿಸಲು ತಾಯಂದಿರು ಒಡವೆ ಅಡವಿಟ್ಟದ್ದು ನನಗೆ ಗೊತ್ತು. 2019ರ ಹೊತ್ತಿಗೆ ರಾಜ್ಯ ಸರ್ಕಾರ ನಿಯಮ ತಿದ್ದಿತು. ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಅಲ್ಲಿನ ಖಾಸಗಿ ಶಾಲೆ ಈ ಸೀಟು ಕೊಡಬೇಕಾಗಿಲ್ಲ ಎಂದಿತು. ಲಕ್ಷ ದಾಟಿದ್ದ ಸೀಟುಗಳು ಇಪ್ಪತ್ತು ಸಾವಿರದೊಳಕ್ಕೆ ಇಳಿದವು. ಕರ್ನಾಟಕ ಹೈಕೋರ್ಟು 2019ರ ಮೇ ತಿಂಗಳಲ್ಲಿ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಅಂಥದ್ದೇ ನಿಯಮವನ್ನು ಮಹಾರಾಷ್ಟ್ರ ತಂದಾಗ ಬಾಂಬೆ ಹೈಕೋರ್ಟು 2024ರ ಜುಲೈನಲ್ಲಿ ಅದನ್ನು ರದ್ದು ಮಾಡಿತು. ಒಂದೇ ಕಾಯ್ದೆ, ಎರಡು ನಾಡು, ಎರಡು ತೀರ್ಪು. ಹಣೆಬರಹ ರಾಜ್ಯದ ಗಡಿಯಲ್ಲಿ ಬದಲಾಗುವಂಥದ್ದೇ?

ಸರ್ಕಾರಿ ಶಾಲೆಯವಳಾದ ನನಗೆ, ಆ ಸೀಟುಗಳಿಗೆ ಹೋಗುತ್ತಿದ್ದ ಸರ್ಕಾರದ ಹಣ ಸರ್ಕಾರಿ ಶಾಲೆಗೇ ಬರಲಿ ಎಂಬ ವಾದದಲ್ಲಿ ಹುರುಳು ಕಾಣುತ್ತದೆ. ಬಂದಿದ್ದರೆ ನಾನು ಈ ಬರಹ ಬರೆಯುತ್ತಿರಲಿಲ್ಲ. ನೆರೆಹೊರೆಯ ಶಾಲೆ ಎಂಬ ವಿಚಾರ ಹುಟ್ಟಿದ್ದರ ಉದ್ದೇಶವೇ ಬೇರೆ. 1964ರಿಂದ 66ರವರೆಗೆ ಕೆಲಸ ಮಾಡಿದ ಕೊಠಾರಿ ಆಯೋಗ, ಒಂದು ಪ್ರದೇಶದ ಎಲ್ಲ ಮಕ್ಕಳೂ ಜಾತಿ, ಹಣ, ಅಂತಸ್ತು ನೋಡದೆ ಒಂದೇ ಶಾಲೆಗೆ ಹೋಗುವಂತಾಗಲಿ ಎಂದು ಬಯಸಿತು. ಪಕ್ಕದ ಮನೆಯ ಮಗು ನನ್ನ ಮಗುವಿನ ಪಕ್ಕದಲ್ಲಿ ಕೂರಬೇಕು, ಆಗ ಶಾಲೆಯನ್ನು ಚೆನ್ನಾಗಿಡಲು ಊರೆಲ್ಲ ಕೈಹಾಕುತ್ತದೆ ಎಂಬ ಆಸೆ ಅದು. ಅರವತ್ತು ವರ್ಷ ಕಳೆದಿವೆ. ನಮ್ಮ ಶಾಲೆಯ ಕಾಂಪೌಂಡಿಗೆ ತಾಗಿಯೇ ಇದ್ದ ಅಪಾರ್ಟ್‌ಮೆಂಟಿನಿಂದ ನಮ್ಮಲ್ಲಿಗೆ ಬಂದ ಮಕ್ಕಳೆಂದರೆ ಅಲ್ಲಿನ ಮನೆಗೆಲಸದವರ, ಸೆಕ್ಯೂರಿಟಿಯವರ ಮಕ್ಕಳು ಮಾತ್ರ. ಗೋಡೆ ಒಂದೇ, ನೆರೆ ಮಾತ್ರ ಆಗಲಿಲ್ಲ.

ಇನ್ನು ಮೂವತ್ತರ ಮಾತು. ನನ್ನ ಅಣ್ಣ ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಓದಿದವನು. ಸಾವಿರಾರು ಮಕ್ಕಳು ಜಾತಿಮತದ ಹಂಗಿಲ್ಲದೆ ಉಂಡು, ಮಲಗಿ, ಓದಿದ ಜಾಗ ಅದು. ಶಿವಕುಮಾರ ಸ್ವಾಮಿಗಳು 2019ರ ಜನವರಿ 21ರಂದು ಲಿಂಗೈಕ್ಯರಾದಾಗ ಅಣ್ಣ ಮಗುವಿನಂತೆ ಅತ್ತ. ಬಂದವರನ್ನು ಬರಿಗೈಯಲ್ಲಿ ಕಳಿಸಬಾರದು ಎಂಬ ದಾಸೋಹದ ನೀತಿ ನನ್ನೊಳಗೆ ಇಳಿದದ್ದು ಅವನಿಂದ. ಆ ನೀತಿಯನ್ನೇ ಹಿಡಿದರೆ ನೂರು ಮಕ್ಕಳನ್ನೂ ಒಳಗೆ ಕರೆಯಬೇಕು. ಒಂದನೆಯ ತರಗತಿಯಲ್ಲಿ ನಾವು ಹಾಗೆಯೇ ಮಾಡಿದ್ದೆವು, ಕಾಯ್ದೆಯೂ ಅದನ್ನೇ ಹೇಳುತ್ತಿತ್ತು. ಚಟುವಟಿಕೆಯ ಮೂಲಕ ಕಲಿಸುವ ನಲಿಕಲಿ ಕೊಠಡಿಯಲ್ಲಿ ಅರವತ್ತರ ಹತ್ತಿರ ಮಕ್ಕಳು, ಒಬ್ಬರೇ ಟೀಚರ್. ಗುಂಪು ಮಾಡಿ ವೃತ್ತದಲ್ಲಿ ಕೂರಿಸಲು ನೆಲವೇ ಸಾಲದು. ಹಿಂದಿನ ಗೋಡೆಗೆ ಒತ್ತಿಕೊಂಡು ಕೂತ ಒಬ್ಬ ಹುಡುಗನಿಗೆ ಸರಿಯಾಗಿ ಕಿವಿ ಕೇಳುವುದಿಲ್ಲ ಎಂಬುದು ನಮಗೆ ಗೊತ್ತಾದದ್ದು ದೀಪಾವಳಿ ಕಳೆದ ಮೇಲೆ. ಅವನನ್ನು ಒಳಗೆ ಕರೆದಿದ್ದೆವು, ಅವನಿಗೆ ಶಾಲೆ ಕೊಟ್ಟಿರಲಿಲ್ಲ. ಅನ್ನವನ್ನು ಇನ್ನೊಂದು ಕೊಪ್ಪರಿಗೆಯಲ್ಲಿ ಬೇಯಿಸಿ ಹಂಚಬಹುದು. ಒಬ್ಬ ಟೀಚರಿನ ಕಣ್ಣನ್ನು ಅರವತ್ತು ಮಕ್ಕಳಿಗೆ ಹಂಚಲು ಬರುವುದಿಲ್ಲ. ಹಾಗಾಗಿ 30ರ ಮಿತಿ ಕ್ರೂರವಾದದ್ದು ಎಂದು ನಾನು ಹೇಳಲಾರೆ. ಮಗುವನ್ನು ಗೌರವಿಸುವ ಮಿತಿ ಅದು.

ಎರಡೂ ಧರ್ಮವೇ. ಯಾರನ್ನೂ ಕಳಿಸಬೇಡ ಎಂಬುದೂ ಧರ್ಮ, ಒಳಗೆ ಕರೆದ ಮೇಲೆ ಪೂರ್ತಿ ನೋಡಿಕೋ ಎಂಬುದೂ ಧರ್ಮ. ಒಂದೇ ಕೊಠಡಿಯೊಳಗೆ ನಿಂತು ಯೋಚಿಸಿದರೆ ಇವೆರಡು ಜಗಳಾಡುತ್ತಲೇ ಇರುತ್ತವೆ. ನಾಲ್ಕಾರು ವರ್ಷ ನಾನೂ ಅಲ್ಲೇ ನಿಂತು ಯೋಚಿಸಿದೆ. ಚೀಟಿ ಸರಿಯೋ, ಸಾಲು ಸರಿಯೋ, ದೂರ ಅಳೆಯುವುದು ಸರಿಯೋ ಎಂದು. ಈಗ ನನಗೆ ಕಾಣುವುದಿಷ್ಟು: ಮೂವತ್ತೊಂದನೆಯ ಮಗು ಬಂದ ದಿನ ಧರ್ಮ ಕೇಳುವುದು ಎರಡನೆಯ ಕೊಠಡಿಯನ್ನು, ಎರಡನೆಯ ಟೀಚರನ್ನು. ಅದನ್ನು ಕಟ್ಟುವವರೆಗೆ ಎಲ್ಲ ಮಕ್ಕಳ ಹೆಸರೂ ಇರುವ ಚೀಟಿಯೇ ನಮ್ಮ ಕೈಲಿರುವ ಕಡಿಮೆ ಅನ್ಯಾಯದ ದಾರಿ. ಆದರೆ ಚೀಟಿ ಎತ್ತಿ ಮುಗಿಸಿ, ದೇವರು ಕೊಟ್ಟ ಎಂದು ಕೈ ತೊಳೆದುಕೊಂಡ ದಿನ ನಾವು ನಮ್ಮ ಸೋಮಾರಿತನಕ್ಕೆ ದೇವರ ರುಜು ಹಾಕಿಸಿಕೊಂಡಂತೆ. ಪ್ರತಿ ವರ್ಷ ಜೂನ್‌ನಲ್ಲಿ ಬರುವ ಮಕ್ಕಳು ನೆರೆ ನೀರಿನಂತೆ ಹೇಳದೆ ಕೇಳದೆ ಬರುವವರಲ್ಲ. ನಕ್ಷೆ ಮಂಜೂರಾದ ದಿನವೇ, ಇಷ್ಟು ಮನೆಗಳಿಂದ ಇಷ್ಟು ಮಕ್ಕಳು ಬರುತ್ತಾರೆ ಎಂದು ಗೊತ್ತಾಗಿರುತ್ತದೆ.

ಅದಕ್ಕೇ ಓದುಗರಲ್ಲಿ ಒಂದು ಕೋರಿಕೆ. 1976ರ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ) ಕಾಯ್ದೆಯ ಪ್ರಕಾರ ಪ್ರಾಧಿಕಾರ ಮಾಡುವ ಬಡಾವಣೆಯಲ್ಲಿ ಶೇ. 15ರಷ್ಟು ಜಾಗ ಉದ್ಯಾನ ಮತ್ತು ಆಟದ ಬಯಲಿಗೆ, ಅದರ ಮೇಲೆ ಶೇ. 10ರಷ್ಟು ನಾಗರಿಕ ಸೌಲಭ್ಯಗಳಿಗೆ ಮೀಸಲಿರಬೇಕು. ಜನ ಸಿಎ ಸೈಟು ಎನ್ನುವುದು ಇದನ್ನೇ, ಶಾಲೆಯೂ ಈ ಸೌಲಭ್ಯಗಳಲ್ಲಿ ಸೇರಿದೆ. ನಿಮ್ಮ ಬಡಾವಣೆಯ ನಕ್ಷೆ ತೆಗೆಸಿ ನೋಡಿ. ಸಿಎ ಸೈಟು ಎಲ್ಲಿದೆ, ಯಾರ ಕೈಯಲ್ಲಿದೆ, ಅಲ್ಲಿ ಏನು ನಡೆಯುತ್ತಿದೆ ಎಂದು ಕೇಳಿ. ವಾರ್ಡ್ ಸಭೆಗೆ, ಗ್ರಾಮಸಭೆಗೆ ಹೋಗಿ ಹತ್ತಿರದ ಸರ್ಕಾರಿ ಶಾಲೆಗೆ ಎಷ್ಟು ಕೊಠಡಿ ಸಾಲದು ಎಂದು ಎದ್ದು ನಿಂತು ಕೇಳಿ. ನಿಮ್ಮ ಮಕ್ಕಳು ಅಲ್ಲಿ ಓದದಿದ್ದರೂ ಕೇಳಿ, ಓದದಿದ್ದರೆ ಇನ್ನೂ ಗಟ್ಟಿಯಾಗಿ ಕೇಳಿ. ನಿಮ್ಮ ಮನೆಯನ್ನು ಕಟ್ಟಿದವರ ಮಗಳು ಅಲ್ಲಿ ಓದಲು ಬಂದಿದ್ದಾಳೆ.